ಹಿತ್ತಿಲ ತೋಟ ಮತ್ತು ಜೇನುಪೆಟ್ಟಿಗೆ

ಮಲೆನಾಡಿನ ನಮ್ಮ ಮನೆಯ ಹಿಂದೆ, ಬಾವಿಕಟ್ಟೆಗೂ ಕೊಟ್ಟಿಗೆಗೂ ನಡುವೆ, ನಾಲ್ಕು ಗುಂಟೆಗೆ ಮೀರದ ಒಂದು ತುಂಡು ನೆಲವಿದೆ. ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆ, ಬೇಲಿಯ ಮೇಲೆ ಅವರೆ, ಚಪ್ಪರದ ಮೇಲೆ ಸೌತೆ, ಗೊಬ್ಬರದ ಗುಂಡಿಯ ಅಂಚಿನಲ್ಲಿ ಕುಂಬಳದ ಬಳ್ಳಿ, ಮೂಲೆಯಲ್ಲೊಂದು ನುಗ್ಗೆಯ ಮರ: ಇಷ್ಟೇ ನಮ್ಮ ಹಿತ್ತಿಲು. ಇದರಿಂದ ಯಾರೂ ಸಿರಿವಂತರಾಗಲಾರರು. ಆದರೆ ಬೆಳಗಿನ ಮಂಜು ಇನ್ನೂ ಎಲೆಗಳ ಮೇಲಿರುವಾಗ ಹಿತ್ತಿಲ ಬಾಗಿಲು ತೆರೆದು, ನಿನ್ನೆ ಕಾಣದಿದ್ದ ಒಂದು ಎಳೆಯ ಸೌತೆಕಾಯಿಯನ್ನು ಎಲೆಯ ಮರೆಯಲ್ಲಿ ಕಂಡಾಗ ಆಗುವ ಸಂತೋಷವನ್ನು ಅನುಭವಿಸಿದವರೇ ಬಲ್ಲರು. ತಾನೇ ಬಿತ್ತಿ, ನೀರೆರೆದು, ಕಾದು ಪಡೆದ ಕಾಯಿಯ ರುಚಿಯೇ ಬೇರೆ.

ಹಿತ್ತಿಲ ಕೃಷಿಯಲ್ಲಿ ಸಂತೋಷದಷ್ಟೇ ನಿರಾಶೆಯೂ ಇದೆ. ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಮೊದಲ ಬಾರಿಗೆ ನನ್ನದೇ ಎಂದು ಹೇಳಿಕೊಳ್ಳಬಹುದಾದ ಕುಂಬಳದ ಬಳ್ಳಿಯೊಂದನ್ನು ಬೆಳೆಸಿದೆ. ಬಳ್ಳಿ ಸೊಂಪಾಗಿ ಹಬ್ಬಿತು. ಹಳದಿಯ ದೊಡ್ಡ ದೊಡ್ಡ ಹೂಗಳು ದಿನವೂ ಅರಳಿದವು. ಆದರೆ ನಿಂಬೆಗಾತ್ರದ ಮಿಡಿಗಳು ಒಂದೊಂದಾಗಿ ಹಳದಿಗೆ ತಿರುಗಿ ಉದುರಿಹೋದವು. ನಾನು ಇನ್ನಷ್ಟು ಗೊಬ್ಬರ ಹಾಕಿದೆ, ಇನ್ನಷ್ಟು ನೀರೆರೆದೆ. ಎಲೆಗಳು ಇನ್ನೂ ಅಗಲವಾದವೇ ಹೊರತು ಕಾಯಿ ನಿಲ್ಲಲಿಲ್ಲ. ಕೊನೆಗೆ ಅಜ್ಜಿಯನ್ನು ಕೇಳಿದೆ. ಆಕೆ ಬಳ್ಳಿಯನ್ನೊಮ್ಮೆ ನೋಡಿ, "ಬಳ್ಳಿಗೆ ಏನೂ ಕೊರತೆಯಿಲ್ಲ, ಮಗಾ. ಹೂವಿನ ಹತ್ತಿರ ಒಂದು ನೊಣವಾದರೂ ಸುಳಿದದ್ದನ್ನು ಕಂಡೆಯೇನು?" ಎಂದಳು.

ಆಕೆಯ ಪ್ರಶ್ನೆಯಲ್ಲಿಯೇ ಉತ್ತರವೂ ಅಡಗಿತ್ತು. ಕುಂಬಳ, ಸೌತೆ ಮುಂತಾದ ಬಳ್ಳಿಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಸಾಮಾನ್ಯವಾಗಿ ಬೇರೆ ಬೇರೆಯಾಗಿರುತ್ತವೆ. ಗಂಡು ಹೂವು ನೀಳವಾದ ತೊಟ್ಟಿನ ಮೇಲೆ ನಿಂತಿರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿಯಿರುತ್ತದೆ. ಗಂಡು ಹೂವಿನ ಪರಾಗವು ಹೆಣ್ಣು ಹೂವನ್ನು ಸೇರಿದರೆ ಮಾತ್ರ ಆ ಮಿಡಿ ಕಾಯಾಗುತ್ತದೆ. ಕುಂಬಳದ ಪರಾಗ ಭಾರವಾದದ್ದು, ಅಂಟಾದದ್ದು; ಗಾಳಿ ಅದನ್ನು ಹೊತ್ತೊಯ್ಯಲಾರದು. ಹೂವಾದರೋ ನಸುಕಿನಲ್ಲಿ ಅರಳಿ ಹೊತ್ತೇರುವಷ್ಟರಲ್ಲಿ ಮುದುಡಿಕೊಳ್ಳುತ್ತದೆ. ಆ ಕೆಲವೇ ಗಂಟೆಗಳಲ್ಲಿ ಯಾವುದಾದರೂ ಕೀಟ ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗಬೇಕು. ಮರುದಿನ ನಾನೇ ಒಂದು ಗಂಡು ಹೂವನ್ನು ಕಿತ್ತು, ಅದರ ಎಸಳುಗಳನ್ನು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಿದೆ. ಆ ಮಿಡಿ ಉದುರಲಿಲ್ಲ. ಆದರೆ ದಿನವೂ ನಸುಕಿನಲ್ಲೆದ್ದು ಹೂವಿಂದ ಹೂವಿಗೆ ಅಲೆಯುವುದು ಮನುಷ್ಯನ ಕೆಲಸವಲ್ಲವೆಂದು ನಾಲ್ಕೇ ದಿನಗಳಲ್ಲಿ ನನಗೆ ಮನವರಿಕೆಯಾಯಿತು. ಹೀಗೆ ನಮ್ಮ ಹಿತ್ತಿಲಿಗೆ ಜೇನುಪೆಟ್ಟಿಗೆ ಬಂದಿತು.

ನಮ್ಮ ನಾಡಿನಲ್ಲಿ ಜೇನುಗಳು ಹಲವು ಬಗೆ. ಎತ್ತರದ ಮರದ ಕೊಂಬೆಗಳಲ್ಲಿ, ಬಂಡೆಗಳ ಅಡಿಯಲ್ಲಿ ಒಂದೇ ಒಂದು ದೊಡ್ಡ ಎರಿಯನ್ನು ಕಟ್ಟುವುದು ಹೆಜ್ಜೇನು. ಪೊದೆಯ ಸಣ್ಣ ಕೋಲಿಗೆ ಅಂಗೈಯಗಲದ ಎರಿ ಕಟ್ಟುವುದು ಕೋಲುಜೇನು. ಗೋಡೆಯ ಬಿರುಕುಗಳಲ್ಲಿ ವಾಸಿಸುವ, ಕುಟುಕಲಾರದ ಪುಟ್ಟ ಜೇನನ್ನು ಮುಜಂಟಿ ಅಥವಾ ಮಿಸರಿ ಎನ್ನುತ್ತಾರೆ. ಮರದ ಪೊಟರೆ, ಹಳೆಯ ಹುತ್ತ ಮುಂತಾದ ಕತ್ತಲೆಯ ಎಡೆಗಳಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುವುದು ತುಡುವೆ ಜೇನು. ಬಯಲಿನಲ್ಲಿ ಗೂಡು ಕಟ್ಟುವ ಹೆಜ್ಜೇನು ಪೆಟ್ಟಿಗೆಯಲ್ಲಿ ನಿಲ್ಲದು. ಕತ್ತಲೆಯನ್ನು ಬಯಸುವ ತುಡುವೆ ನಿಲ್ಲುತ್ತದೆ.

ಪೆಟ್ಟಿಗೆಯ ಹಿಂದೆಯೂ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ಹಿಂದೆ ಜೇನು ಬೇಕಾದರೆ ಗೂಡನ್ನೇ ಕೆಡಿಸಿ, ಎರಿಗಳನ್ನು ಹಿಂಡಬೇಕಾಗುತ್ತಿತ್ತು. ಮೊಟ್ಟೆ ಮರಿಗಳೆಲ್ಲ ನಾಶವಾಗುತ್ತಿದ್ದವು. 1851 ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಒಂದು ಸಣ್ಣ ಸಂಗತಿಯ ಮಹತ್ವವನ್ನು ಕಂಡುಕೊಂಡನು. ಜೇನುನೊಣಗಳು ತಮ್ಮ ಓಡಾಟಕ್ಕೆಂದು ಬೆರಳಿಗಿಂತಲೂ ಕಿರಿದಾದ ಒಂದು ನಿಶ್ಚಿತ ಅಂತರವನ್ನು ಬಿಟ್ಟುಕೊಳ್ಳುತ್ತವೆ. ಅಂತರ ಅದಕ್ಕಿಂತ ಕಡಮೆಯಾದರೆ ಅಂಟಿನಿಂದ ಮುಚ್ಚಿಬಿಡುತ್ತವೆ. ಹೆಚ್ಚಾದರೆ ಅಲ್ಲೊಂದು ಎರಿ ಕಟ್ಟುತ್ತವೆ. ಆ ಅಂತರವನ್ನು ಕಾಯ್ದುಕೊಂಡು ಮರದ ಚೌಕಟ್ಟುಗಳನ್ನು ತೂಗುಹಾಕಿದರೆ, ಒಂದೊಂದು ಎರಿಯನ್ನೂ ಪುಸ್ತಕದ ಹಾಳೆಯಂತೆ ಎತ್ತಿ ನೋಡಿ ಮತ್ತೆ ಇಡಬಹುದು. ಯುರೋಪಿನ ಜೇನಿಗಿಂತ ನಮ್ಮ ತುಡುವೆ ಚಿಕ್ಕದು. ಅದಕ್ಕೆ ಒಪ್ಪುವ ಚಿಕ್ಕ ಪೆಟ್ಟಿಗೆಯನ್ನು 1910 ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿದ್ದ ನ್ಯೂಟನ್ ಎಂಬ ಪಾದ್ರಿ ರೂಪಿಸಿದರು. ದಕ್ಷಿಣ ಭಾರತದಲ್ಲಿ ಜೇನು ಸಾಕುವವರಿಗೆಲ್ಲ ನ್ಯೂಟನ್ ಪೆಟ್ಟಿಗೆಯ ಹೆಸರು ಚಿರಪರಿಚಿತ. ಅದರ ಕೆಳಗಿನ ಅಂತಸ್ತು ಮೊಟ್ಟೆ ಮರಿಗಳ ಸಂಸಾರದ ಕೋಣೆ. ಮೇಲಿನದು ಜೇನಿನ ಉಗ್ರಾಣ.

ನಮ್ಮ ಚಿಕ್ಕಪ್ಪ ಗದ್ದೆಯಂಚಿನ ಹುತ್ತವೊಂದರಿಂದ ತುಡುವೆಯ ಸಂಸಾರವನ್ನು ಪೆಟ್ಟಿಗೆಗೆ ತಂದರು. ಮೆಲ್ಲಗೆ ಹೊಗೆಯಾಡಿಸಿ, ಎರಿಗಳನ್ನು ಕೊಯ್ದು, ಬಾಳೆಯ ನಾರಿನಿಂದ ಚೌಕಟ್ಟುಗಳಿಗೆ ಕಟ್ಟಿದರು. ರಾಣಿಯೊಂದನ್ನು ಪೆಟ್ಟಿಗೆಯೊಳಕ್ಕೆ ಬಿಟ್ಟೊಡನೆ ಉಳಿದ ಸಾವಿರಾರು ನೊಣಗಳು ತಾವಾಗಿಯೇ ಒಳಗೆ ಸಾಗಿದ್ದನ್ನು ನಾನು ಬೆರಗಾಗಿ ನೋಡಿದೆ. "ರಾಣಿ ಎಂದ ಮಾತ್ರಕ್ಕೆ ಆಳುತ್ತಾಳೆಂದು ತಿಳಿಯಬೇಡ, ತಮ್ಮಾ," ಎಂದರು ಚಿಕ್ಕಪ್ಪ. "ಮೊಟ್ಟೆಯಿಡುವುದೊಂದೇ ಅವಳ ಕೆಲಸ. ಆಳುವವರು ಇಲ್ಲಿ ಯಾರೂ ಇಲ್ಲ, ದುಡಿಯುವವರೇ ಎಲ್ಲ."

ಆ ಮಾತು ನಿಜ. ಸಂಸಾರದಲ್ಲಿ ಒಂದು ರಾಣಿ, ಕೆಲವು ನೂರು ಗಂಡು ನೊಣಗಳು, ಉಳಿದವೆಲ್ಲ ಕೆಲಸಗಾರ ನೊಣಗಳು. ಕೆಲಸಗಾರ ನೊಣವು ಹುಟ್ಟಿದಾಗ ಕೋಶಗಳನ್ನು ಶುಚಿಗೊಳಿಸುತ್ತದೆ, ಅನಂತರ ಮರಿಗಳಿಗೆ ಉಣಿಸುತ್ತದೆ, ಮೇಣ ಸ್ರವಿಸಿ ಎರಿ ಕಟ್ಟುತ್ತದೆ, ಬಾಗಿಲು ಕಾಯುತ್ತದೆ. ಬದುಕಿನ ಕೊನೆಯ ಭಾಗದಲ್ಲಿ ಮಾತ್ರ ಹೂವನ್ನರಸಿ ಹೊರಡುತ್ತದೆ. ದುಡಿಮೆ ಹೆಚ್ಚಾಗಿರುವ ಹೂವಿನ ಕಾಲದಲ್ಲಿ ಅದರ ಆಯುಸ್ಸು ಸುಮಾರು ಆರು ವಾರ. ಹೂವಿನ ಸುದ್ದಿ ತಂದ ನೊಣ ಕತ್ತಲೆಯ ಗೂಡಿನೊಳಗೆ ಎರಿಯ ಮೇಲೆ ಕುಣಿದು ತೋರಿಸುತ್ತದೆ. ನೇರ ಮೇಲ್ಮುಖವಾಗಿ ಕುಣಿದರೆ ಹೂವು ಸೂರ್ಯನ ದಿಕ್ಕಿನಲ್ಲಿದೆಯೆಂದು ಅರ್ಥ. ಓರೆಯಾಗಿ ಕುಣಿದರೆ ಸೂರ್ಯನಿಂದ ಅಷ್ಟೇ ಓರೆಯಲ್ಲಿದೆಯೆಂದು ಅರ್ಥ. ಈ ನೃತ್ಯಭಾಷೆಯನ್ನು ಬಿಡಿಸಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಷ್ 1973 ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಆ ವರ್ಷ ನಮ್ಮ ಕುಂಬಳದ ಬಳ್ಳಿ ಹೊರಲಾರದಷ್ಟು ಕಾಯಿ ಬಿಟ್ಟಿತು. ಸೌತೆಯ ಕಾಯಿಗಳು ಸೊಟ್ಟಗಾಗದೆ ದುಂಡಗೆ ತುಂಬಿಕೊಂಡವು. ಬದನೆಯ ಹೂವಿಗೆ ಮಾತ್ರ ಜೇನು ಅಷ್ಟಾಗಿ ಒದಗಲಿಲ್ಲ. ಅದರ ಪರಾಗ ಸಣ್ಣ ಕೊಳವೆಯೊಳಗಿರುತ್ತದೆ. ರೆಕ್ಕೆಯ ಸ್ನಾಯುಗಳಿಂದ ಹೂವನ್ನೇ ಝೇಂಕರಿಸಿ ಅದುರಿಸಬಲ್ಲ ದೊಡ್ಡ ಕರಿಯ ಭ್ರಮರಗಳಿಗೆ ಮಾತ್ರ ಅದು ಸುಲಭವಾಗಿ ಉದುರುತ್ತದೆ. ಹಿತ್ತಿಲಿಗೆ ಜೇನೊಂದೇ ಸಾಲದು, ಎಲ್ಲ ಬಗೆಯ ಹುಳುಗಳೂ ಬೇಕೆಂಬುದನ್ನು ಬದನೆಯ ಗಿಡ ನಮಗೆ ಕಲಿಸಿತು. ಬೇಸಗೆಯ ಕೊನೆಗೆ, ಮೇಣದ ಮುಚ್ಚಳ ಬಿದ್ದ ಎರಿಗಳಿಂದ ಎರಡು ಸೀಸೆ ಜೇನು ದೊರೆಯಿತು. ನೊಣಗಳು ನೀರಾದ ಮಕರಂದವನ್ನು ರೆಕ್ಕೆ ಬೀಸಿ ಗಟ್ಟಿಗೊಳಿಸಿ, ಹದವಾದ ಮೇಲಷ್ಟೇ ಕೋಶಕ್ಕೆ ಮುಚ್ಚಳ ಹಾಕುತ್ತವೆ. ಮುಚ್ಚಳ ಬೀಳದ ಜೇನನ್ನು ಆತುರಪಟ್ಟು ತೆಗೆದರೆ ಅದು ಹುಳಿಯುತ್ತದೆ.

ಇಷ್ಟಕ್ಕೆ ಮುಗಿದಿದ್ದರೆ ಜೇನು ಸಾಕಣೆಯಷ್ಟು ಸುಲಭವಾದ ಕೆಲಸ ಮತ್ತೊಂದಿಲ್ಲವೆನ್ನಬಹುದಾಗಿತ್ತು. ಮಳೆಗಾಲ ಬಂದಿತು. ಮಲೆನಾಡಿನ ಎಡೆಬಿಡದ ಮಳೆಯಲ್ಲಿ ನೊಣಗಳು ಹೊರಡಲಾರವು, ಹೊರಟರೂ ಹೂವಿಲ್ಲ. ಆಗ ಸಕ್ಕರೆಯ ಪಾಕವನ್ನು ಉಣಿಸದಿದ್ದರೆ ಸಂಸಾರ ಸೊರಗುತ್ತದೆ, ಇಲ್ಲವೆ ಒಂದು ದಿನ ಗೂಡು ಬಿಟ್ಟು ಹಾರಿಹೋಗುತ್ತದೆ. ಪೆಟ್ಟಿಗೆಗೆ ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಡಬೇಕು. ಸಂಸಾರ ಬಡವಾದರೆ ಮೇಣದ ಪತಂಗದ ಹುಳು ಎರಿಯೊಳಗೆ ಸುರಂಗ ತೋಡಿ ಬಲೆ ಹೆಣೆಯುತ್ತದೆ. ಕಡಜಗಳು ಬಾಗಿಲಲ್ಲಿಯೇ ಹೊಂಚುಹಾಕುತ್ತವೆ. ಇವೆಲ್ಲಕ್ಕಿಂತ ದೊಡ್ಡ ವಿಪತ್ತು ದಕ್ಷಿಣ ಭಾರತಕ್ಕೆ ಬಂದದ್ದು 1991-92 ರಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತುಡುವೆಯ ಮರಿಗಳಿಗೆ ತಗುಲಿ, ಅವು ಕೋಶದಲ್ಲಿಯೇ ನೀರು ತುಂಬಿದ ಚೀಲಗಳಂತಾಗಿ ಸತ್ತವು. ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಬಹುಪಾಲು ಪೆಟ್ಟಿಗೆಗಳು ಬರಿದಾದವು. ಅದಕ್ಕೆ ಮದ್ದಿರಲಿಲ್ಲ. ಅಳಿದುಳಿದ ಸಂಸಾರಗಳಿಂದಲೇ ಸಾಕಣೆ ಮತ್ತೆ ಮೆಲ್ಲಗೆ ಚೇತರಿಸಿಕೊಂಡಿತು.

ಆದರೆ ನಮ್ಮ ಮೊದಲ ಪೆಟ್ಟಿಗೆ ಬರಿದಾದದ್ದು ರೋಗದಿಂದಲ್ಲ, ನನ್ನ ಕೈಯಿಂದ. ಅದನ್ನು ಹೇಳದೆ ಈ ಪ್ರಬಂಧ ಪೂರ್ಣವಾಗದು.

ಎರಡನೆಯ ವರ್ಷದ ಬೇಸಗೆಯಲ್ಲಿ ಕುಂಬಳದ ಬಳ್ಳಿಗೆ ಕೆಂಪು ದುಂಬಿಗಳು ಮುತ್ತಿದವು. ಎಳೆಯ ಎಲೆಗಳೆಲ್ಲ ಜರಡಿಯಂತಾದವು. ಕಷ್ಟಪಟ್ಟು ಬೆಳೆಸಿದ ಬಳ್ಳಿ ಕಣ್ಣೆದುರಿಗೇ ಹಾಳಾಗುವುದನ್ನು ಸಹಿಸಲಾರದೆ ಪೇಟೆಯಿಂದ ಕೀಟನಾಶಕವನ್ನು ತಂದು, ಮರುದಿನ ಬೆಳಗ್ಗೆ ಎಂಟು ಗಂಟೆಗೆ ಬಳ್ಳಿಯ ತುಂಬ ಸಿಂಪಡಿಸಿದೆ. ಹೂಗಳು ಅರಳಿದ್ದವು, ಹೂವಿನೊಳಗೆ ಜೇನುನೊಣಗಳಿದ್ದವು. ದುಂಬಿಗಳು ಪಟಪಟನೆ ಉದುರಿದ್ದನ್ನು ಕಂಡು ನನಗೆ ಗೆದ್ದೆನೆಂಬ ಹಿಗ್ಗು. ಮಧ್ಯಾಹ್ನ ಪೆಟ್ಟಿಗೆಯ ಬಳಿ ಹೋದಾಗ ಆ ಹಿಗ್ಗು ಅಡಗಿತು. ಬಾಗಿಲ ಮುಂದೆ ನೂರಾರು ನೊಣಗಳು ನಾಲಗೆ ಚಾಚಿ ಸತ್ತುಬಿದ್ದಿದ್ದವು. ಕೆಲವು ನಡುಗುತ್ತ ನೆಲದ ಮೇಲೆ ಸುತ್ತುತ್ತಿದ್ದವು. ಕಾಲಿನಲ್ಲಿ ಪರಾಗದ ಹಳದಿ ಉಂಡೆಗಳನ್ನು ಹೊತ್ತೇ ಸತ್ತಿದ್ದವೂ ಇದ್ದವು.

ಚಿಕ್ಕಪ್ಪ ನನ್ನನ್ನು ಗದರಲಿಲ್ಲ. ಸತ್ತ ನೊಣಗಳನ್ನು ಗೆರಸಿಗೆ ಗುಡಿಸಿ ತೆಗೆಯುತ್ತ, "ಯಾವ ಹುಳು ಶತ್ರು, ಯಾವುದು ಮಿತ್ರ ಎಂದು ವಿಷ ಕೇಳುವುದಿಲ್ಲ, ತಮ್ಮಾ. ಅದನ್ನು ಕೇಳಬೇಕಾದವನು ಹೊಡೆಯುವವನು," ಎಂದಷ್ಟೇ ಹೇಳಿದರು. ದುಡಿಯುವ ನೊಣಗಳನ್ನು ಕಳೆದುಕೊಂಡ ಸಂಸಾರಕ್ಕೆ ಮರಿಗಳನ್ನು ಸಾಕುವ ಶಕ್ತಿ ಉಳಿಯಲಿಲ್ಲ. ಪತಂಗದ ಹುಳು ಹೊಕ್ಕಿತು. ಮಳೆಗಾಲಕ್ಕೆ ಮೊದಲೇ ಉಳಿದ ಹಿಡಿಯಷ್ಟು ನೊಣಗಳೂ ಹಾರಿಹೋದವು. ಬಳ್ಳಿ ಉಳಿಯಿತು, ಹೂವೂ ಬಿಟ್ಟಿತು. ಕಾಯಿ ಮಾತ್ರ ಮೊದಲಿನಂತೆ ಹಳದಿಗೆ ತಿರುಗಿ ಉದುರತೊಡಗಿತು.

ಈ ಸೋಲಿನಿಂದ ನಾನು ಕಲಿತದ್ದು ಇಷ್ಟು: ಹಿತ್ತಿಲಿನಲ್ಲಿ ಪ್ರತಿಯೊಂದು ಜೀವಿಯೂ ಇನ್ನೊಂದರ ಜೊತೆ ಕಾಣದ ದಾರದಿಂದ ಹೆಣೆದುಕೊಂಡಿದೆ. ಅವರೆಯ ಹೇನನ್ನು ತಿನ್ನಲು ಗುಲಗಂಜಿ ಹುಳುವಿದೆ. ಅದನ್ನು ಕೊಂದರೆ ಹೇನು ಮತ್ತಷ್ಟು ಹೆಚ್ಚುತ್ತದೆ. ಕುಂಬಳದ ದುಂಬಿಗಳನ್ನು ಬೆಳಗಿನ ಚಳಿಯಲ್ಲಿ, ಅವು ಜಡವಾಗಿರುವಾಗ, ಕೈಯಿಂದಲೇ ಆರಿಸಿ ತೆಗೆಯಬಹುದು. ಬೇವಿನ ಬೀಜದ ಕಷಾಯವನ್ನಾದರೂ ಹೂವು ಮುಚ್ಚಿದ ಮೇಲೆ, ನೊಣಗಳು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಿಯೇ ಸಿಂಪಡಿಸಬೇಕು. ಒಂದಿಷ್ಟು ಎಲೆಯನ್ನು ಹುಳುಗಳಿಗೆ ಬಿಟ್ಟುಕೊಡಲು ಮನಸ್ಸಿಲ್ಲದವನು ಜೇನು ಸಾಕಲಾರ. ತೋಟವೂ ನಳನಳಿಸಬೇಕು, ಜೇನೂ ಉಳಿಯಬೇಕೆನ್ನುವವನು ನಷ್ಟದಲ್ಲಿಯೂ ಸ್ವಲ್ಪ ಪಾಲು ಹೊರಬೇಕು.

ಬರಿದಾದ ಪೆಟ್ಟಿಗೆಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆ ಹಳೆಯ ಮೇಣವನ್ನು ತಿಕ್ಕಿ ನುಗ್ಗೆಯ ಮರದಡಿಯಲ್ಲಿಟ್ಟೆವು. ಒಂದು ವರ್ಷ ಯಾರೂ ಬರಲಿಲ್ಲ. ಮರುವರ್ಷದ ಚಳಿಗಾಲ ಕಳೆದು ನುಗ್ಗೆ ಹೂವಾಡುತ್ತಿದ್ದಾಗ, ಒಂದು ಮಧ್ಯಾಹ್ನ ಅಜ್ಜಿ ಹಿತ್ತಿಲಿನಿಂದಲೇ ನನ್ನನ್ನು ಕೂಗಿದಳು. ಹೋಗಿ ನೋಡಿದರೆ ಪೆಟ್ಟಿಗೆಯ ಸುತ್ತ ಹೊಗೆಯಂತೆ ನೊಣಗಳ ಹಿಂಡು ಸುತ್ತುತ್ತಿತ್ತು. ನೋಡುನೋಡುತ್ತಿದ್ದಂತೆ ಅದು ಬಾಗಿಲಿನ ಕಿರಿದಾದ ಸೀಳಿನೊಳಗೆ ನೀರು ಇಂಗಿದಂತೆ ಇಂಗಿಹೋಯಿತು. ಅಜ್ಜಿ ಏನನ್ನೂ ಹೇಳಲಿಲ್ಲ. ಅಟ್ಟದ ಮೇಲೆ ತೆಗೆದಿರಿಸಿದ್ದ ಕುಂಬಳದ ಬೀಜದ ಗಂಟನ್ನು ತಂದು ನನ್ನ ಕೈಯಲ್ಲಿಟ್ಟಳು.