ಬೆನ್ನು ತೆರೆದ ಬ್ಲೌಸಿಗೆ ಆಸರೆ ಯಾವುದು?

ಮದುವೆ ಸೀಸನ್ ಬಂತೆಂದರೆ ಬ್ಲೌಸಿನ ಬೆನ್ನು ಎಷ್ಟು ಇಳಿಯಬೇಕು, ಕುತ್ತಿಗೆ ಎಷ್ಟು ಡೀಪ್ ಇರಬೇಕು ಎಂಬ ಚರ್ಚೆ ನಮ್ಮ ಹುಡುಗಿಯರಲ್ಲಿ ಜೋರಾಗಿಯೇ ನಡೆಯುತ್ತದೆ. ಮೊಬೈಲಿನಲ್ಲಿ ನಟಿಯ ಫೋಟೊ ತೋರಿಸಿ ‘ಅಕ್ಕಾರ, ಹಿಂಗ ಹೊಲೀರಿ’ ಎನ್ನಲು ಯಾರಿಗೂ ಅಳುಕಿಲ್ಲ. ಆದರೆ ಅಂಥ ಬ್ಲೌಸಿನ ಒಳಗೆ ಏನು ಹಾಕಿಕೊಳ್ಳಬೇಕು ಎಂಬ ಪ್ರಶ್ನೆ ಮಾತ್ರ ಪಿಸುಮಾತಿನಲ್ಲೇ ಉಳಿದಿದೆ.

ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ಸಂಜೆ ಹೊತ್ತು ರಾಣೆಬೆನ್ನೂರಿನಲ್ಲಿ ಚಿಗವ್ವನ ಟೇಲರಿಂಗ್ ಅಂಗಡಿಯಲ್ಲಿ ಕೂರುತ್ತೇನೆ. ಅಳತೆ ಬರೆದುಕೊಳ್ಳುವುದು, ಹುಕ್ಕು ಹಚ್ಚುವುದು ನನ್ನ ಕೆಲಸ. ಚಿಗವ್ವನ ಮುಂದೆ ಬಾಯಿ ಬಿಡದವರು ನನ್ನ ಹತ್ತಿರ ಬಂದು ಕೇಳುತ್ತಾರೆ: ‘ಆ ಅಂಟಿಸ್ಕೊಳ್ಳೋದು ಬರ್ತದಲ್ಲರೀ, ಅದು ನಿಲ್ತದೇನ್ರೀ?’ ಎರಡು ಸೀಸನ್ನಿನಲ್ಲಿ ಈ ಪ್ರಶ್ನೆ ಕೇಳೀ ಕೇಳೀ, ಉತ್ತರವನ್ನು ಒಂದು ಕಡೆ ಬರೆದುಬಿಡೋಣ ಅನ್ನಿಸಿತು.

ಉತ್ತರ ಸಿಗುವ ಜಾಗಗಳೇ ನಮ್ಮಲ್ಲಿ ಕಡಿಮೆ. ಮನೆಯಲ್ಲಿ ಕೇಳಿದರೆ ‘ಅಂಥಾ ಬ್ಲೌಸ್ ಯಾಕ ಬೇಕಿತ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹಾವೇರಿಯಲ್ಲಿ ಓದುವ ಗೆಳತಿಯ ಜೊತೆ ಅಲ್ಲಿನ ಒಂದು ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಅಣ್ಣ ಡಬ್ಬಿಯನ್ನು ನಮಗೆ ಸರಿಯಾಗಿ ತೋರಿಸುವ ಮೊದಲೇ ಕಪ್ಪು ಕ್ಯಾರಿಬ್ಯಾಗಿಗೆ ತುರುಕಿಬಿಟ್ಟ. ಸೈಜು ಯಾವುದು, ಅಂಟು ಎಂಥದ್ದು ಎಂದು ಕೇಳಲು ಅವಕಾಶವೇ ಸಿಗಲಿಲ್ಲ. ಹೀಗಾಗಿ ಹೆಚ್ಚಿನವರು ಆನ್‌ಲೈನಿನಲ್ಲಿ ಫೋಟೊ ನೋಡಿ ತರಿಸುತ್ತಾರೆ. ಒಳಉಡುಪು ಎಂಬ ಕಾರಣಕ್ಕೆ ಎಷ್ಟೋ ಕಡೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಸರಿಹೋಗದಿದ್ದರೆ ದುಡ್ಡು ಹೋಯಿತು. ಮೈಮೇಲೆ ಗುಳ್ಳೆ ಎದ್ದರೆ ಮದುವೆಯ ಖುಷಿಯೂ ಹೋಯಿತು.

ಗಂಟಿನಿಂದ ಅಂಟಿನವರೆಗೆ

ನಮ್ಮ ಅಜ್ಜಿಯರು ತೊಡುತ್ತಿದ್ದ ಗುಳೇದಗುಡ್ಡ ಖಣದ ಕುಪ್ಪಸ ನೋಡಿದ್ದೀರಲ್ಲ? ಮುಂದಿನ ಎರಡು ತುದಿ ಎಳೆದು ಗಂಟು ಹಾಕಿದರೆ ಮುಗಿಯಿತು. ಒಳಗೆ ಇನ್ನೊಂದು ಉಡುಪು ಬೇಕಿರಲಿಲ್ಲ. ಆಸರೆ ಆ ಹೊಲಿಗೆಯಲ್ಲೇ, ಆ ಗಂಟಿನಲ್ಲೇ ಇರುತ್ತಿತ್ತು.

ಈಗಿನ ಬ್ರಾದ ಕಥೆಯಲ್ಲೂ ಡೀಪ್ ನೆಕ್ ಉಡುಪಿಗೆ ಪಾತ್ರವಿದೆ. 1910ರಲ್ಲಿ ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಯುವತಿ ಪಾರ್ಟಿಗೆ ಹೊರಟಾಗ ಬಿಗಿ ಕಾರ್ಸೆಟ್ಟಿನ ಕಡ್ಡಿಗಳು ತೆಳು ಗೌನಿನಡಿ ಎದ್ದು ಕಾಣುತ್ತಿದ್ದವಂತೆ. ಎರಡು ರೇಷ್ಮೆ ಕರವಸ್ತ್ರ, ಒಂದಿಷ್ಟು ರಿಬ್ಬನ್ ಸೇರಿಸಿ ತನಗೆ ಬೇಕಾದ್ದನ್ನು ಹೊಲಿದುಕೊಂಡಳು. ಬೆನ್ನಿನ ಭಾಗ ಖಾಲಿ ಬಿಟ್ಟಿದ್ದ ಆ ವಿನ್ಯಾಸಕ್ಕೆ 1914ರ ನವೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಅಂಟಿಸಿಕೊಳ್ಳುವ ಬ್ರಾ ಕೂಡ ನಿನ್ನೆ ಮೊನ್ನೆಯದಲ್ಲ. 1949ರಲ್ಲೇ ಅಮೆರಿಕದ ಉದ್ಯಮಿ ಚಾರ್ಲ್ಸ್ ಲ್ಯಾಂಗ್ಸ್ ಪಟ್ಟಿಯೂ ಹುಕ್ಕೂ ಇಲ್ಲದ ಅಂಟು ಕಪ್ಪುಗಳನ್ನು ಮಾರಾಟಕ್ಕೆ ತಂದಿದ್ದ. 2002ರಲ್ಲಿ ‘ನೂಬ್ರಾ’ ಬಂದ ಮೇಲೆ ಸಿಲಿಕೋನ್ ಕಪ್ಪುಗಳು ಎಲ್ಲೆಡೆ ಹರಡಿದವು. ಈಗ ಆನ್‌ಲೈನಿನಲ್ಲಿ ಇನ್ನೂರು ರೂಪಾಯಿಯ ಆಸುಪಾಸಿನಿಂದ ಸಾವಿರ ದಾಟುವವರೆಗೂ ಸಿಗುತ್ತವೆ.

ಮೊದಲು ಬ್ಲೌಸ್ ನೋಡಿ

ಚಿಗವ್ವನದು ಒಂದೇ ಮಾತು: ‘ಅಂಟು ಮರಿ ಮಾಡತೈತಿ, ಭಾರ ಹೊರಂಗಿಲ್ಲ.’ ಇದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಮುಗಿದಂತೆ. ಮಾಮೂಲಿ ಬ್ರಾದಲ್ಲಿ ಭಾರ ಹೊರುವುದು ಎದೆಯ ಸುತ್ತಲಿನ ಪಟ್ಟಿ, ಸ್ವಲ್ಪ ಮಟ್ಟಿಗೆ ಭುಜದ ಪಟ್ಟಿ. ಅಂಟಿಸಿಕೊಂಡಾಗ ಆ ಭಾರ ಬೀಳುವುದು ನೇರವಾಗಿ ಚರ್ಮದ ಮೇಲೆ. ಆದ್ದರಿಂದ ಮೊದಲು ಬಟ್ಟೆಯಿಂದಲೇ ಆಸರೆ ಸಿಗುತ್ತದೆಯೇ ನೋಡಬೇಕು. ಅದಾಗದಿದ್ದಾಗ ಮಾತ್ರ ಅಂಟಿನ ಮಾತು.

ಬೆನ್ನು ಮಾತ್ರ ಇಳಿದಿದೆ, ಮುಂದೆ ಬೋಟ್ ನೆಕ್ ಅಥವಾ ಸಾಧಾರಣ ಕುತ್ತಿಗೆ ಇದೆ ಎಂದಾದರೆ ಅಂಟು ಬೇಕೇ ಇಲ್ಲ. ಒಳ್ಳೆಯ ಲೈನಿಂಗ್ ಕೊಟ್ಟು, ಕಟೋರಿ ಅಥವಾ ಪ್ರಿನ್ಸೆಸ್ ಕಟ್ ಹಾಕಿ, ಒಳಗೆ ಕಪ್ ಇಟ್ಟು ಹೊಲಿಸಿದರೆ ಸಾಕು. ಟೇಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಂದು ಜೊತೆ ಕಪ್ಪಿನ ಬೆಲೆ ಸ್ಟಿಕ್ ಆನ್ ಬ್ರಾಗಿಂತ ಎಷ್ಟೋ ಕಡಿಮೆ. ಹಾವೇರಿಯ ಅದೇ ಗೆಳತಿ ಓದಿನ ಖರ್ಚಿಗೆಂದು ಮದುವೆ, ಸನ್ಮಾನಗಳಲ್ಲಿ ನಿರೂಪಣೆ ಮಾಡುತ್ತಾಳೆ. ಲೈಟಿನ ಕೆಳಗೆ ತಾಸುಗಟ್ಟಲೆ ನಿಲ್ಲುವ ಕೆಲಸ. ಅವಳು ನಂಬಿರುವುದು ಕಪ್ ಇಟ್ಟು ಹೊಲಿಸಿದ ಬ್ಲೌಸನ್ನೇ.

ಬೆನ್ನು ನಡುವಿನವರೆಗೆ ಇಳಿಯದೆ ಅರ್ಧಕ್ಕೆ ನಿಂತಿದ್ದರೆ ಲೋ ಬ್ಯಾಕ್ ಪಟ್ಟಿ ಎಂಬುದೊಂದಿದೆ. ನಿಮ್ಮ ಬ್ರಾದ ಹಿಂದಿನ ಹುಕ್ಕಿಗೆ ಸಿಕ್ಕಿಸಿ, ಸೊಂಟದ ಸುತ್ತ ತಂದರೆ ಹಿಂದಿನ ಪಟ್ಟಿ ಕೆಳಗೆ ಇಳಿಯುತ್ತದೆ. ಮುಂದೆ ಮಾತ್ರ ಡೀಪ್ ಇದ್ದರೆ ನಡುಭಾಗ ತಗ್ಗಾಗಿರುವ ಪ್ಲಂಜ್ ಬ್ರಾ ಸಾಲುತ್ತದೆ.

ಹಿಂದೆ, ಮುಂದೆ ಎರಡೂ ಇಳಿದಿದ್ದು, ಕಪ್ ಇಟ್ಟು ಹೊಲಿಯಲು ಬಾರದಿದ್ದರೆ ಆಗ ಅಂಟಿನ ಸರದಿ. ಸಿಲಿಕೋನ್ ಕಪ್ ನುಣುಪಾಗಿ ಕೂರುತ್ತದೆ. ಆದರೆ ಅದಕ್ಕೇ ತೂಕವಿದೆ, ಗಾಳಿಯೂ ಆಡುವುದಿಲ್ಲ. ಬಟ್ಟೆ ಹೊದಿಸಿದ ಕಪ್ ಹಗುರ. ಎದೆ ಭಾರ ಇರುವವರಿಗೆ ಎರಡೂ ಅಷ್ಟಾಗಿ ಒಗ್ಗುವುದಿಲ್ಲ. ಅವರು ಬಾಡಿ ಟೇಪ್ ನೋಡಬಹುದು. ಹಿಗ್ಗುವ ಹತ್ತಿ ಬಟ್ಟೆಯ ಈ ಟೇಪನ್ನು ಬೇಕಾದಷ್ಟು ಕತ್ತರಿಸಿ ಕೆಳಗಿನಿಂದ ಮೇಲಕ್ಕೆ ಎತ್ತಿ ಅಂಟಿಸಬೇಕು. ತೊಟ್ಟಿನ ಮೇಲೆ ಮೊದಲು ಮೆತ್ತನೆಯ ಪ್ಯಾಡ್ ಇಡುವುದು ಕಡ್ಡಾಯ. ಆಸರೆಯ ಚಿಂತೆ ಇಲ್ಲ, ತೆಳು ಬಟ್ಟೆಯಲ್ಲಿ ಎದ್ದು ಕಾಣಬಾರದು ಅಷ್ಟೇ ಎನ್ನುವವರಿಗೆ ಹೂವಿನ ಪಕಳೆಯಂಥ ಸಣ್ಣ ಕವರ್ ಸಾಕು. ಎರಡೂ ಬದಿ ಅಂಟಿರುವ ಫ್ಯಾಷನ್ ಟೇಪ್ ಇರುವುದು ಬ್ಲೌಸಿನ ಅಂಚು ಸರಿಯದಂತೆ ಹಿಡಿಯಲು ಮಾತ್ರ.

ಬಟ್ಟೆ ಕತ್ತರಿಸಿದ ಮೇಲೆ ಇದನ್ನೆಲ್ಲ ಯೋಚಿಸಿ ಉಪಯೋಗವಿಲ್ಲ. ಅದಕ್ಕೇ ನಮ್ಮ ಅಳತೆ ಪುಸ್ತಕದಲ್ಲಿ ಎದೆ, ತೋಳು, ಉದ್ದದ ಪಕ್ಕ ‘ಒಳಗೆ’ ಎಂಬ ಕಾಲಂ ಹಾಕಿದ್ದೇನೆ. ನಿಮ್ಮ ಟೇಲರ್ ಕೇಳದಿದ್ದರೆ ನೀವೇ ಹೇಳಿ. ಟ್ರಯಲ್ ನೋಡುವಾಗ ಅದೇ ಒಳಉಡುಪು ಹಾಕಿಕೊಂಡೇ ನೋಡಿ.

ನಮ್ಮ ಬಿಸಿಲು, ನಮ್ಮ ಬೆವರು

ಜಾಹೀರಾತಿನ ಹುಡುಗಿ ನಿಂತಿರುವುದು ಎಸಿ ಕೋಣೆಯಲ್ಲಿ. ನಾವು ನಿಲ್ಲುವುದು ಏಪ್ರಿಲ್, ಮೇ ತಿಂಗಳಿನ ಶಾಮಿಯಾನದ ಕೆಳಗೆ. ಬೆವರು ಅಂಟಿನ ಮೊದಲ ವೈರಿ, ಎಣ್ಣೆ ಎರಡನೆಯದು. ಅರಿಶಿನ ಹಚ್ಚಿ, ಎಣ್ಣೆ ಹಚ್ಚಿ ನೀರು ಹಾಕಿದ ಮೈಗೆ ಇದು ನಿಲ್ಲುವುದು ಕಷ್ಟ. ಸೋಪು ಹಚ್ಚಿ ಚೆನ್ನಾಗಿ ತೊಳೆದು, ಮೈ ಪೂರ್ತಿ ಒಣಗಿದ ಮೇಲೆ ಅಂಟಿಸಬೇಕು. ಆ ಭಾಗಕ್ಕೆ ಪೌಡರ್, ಲೋಷನ್, ಸೆಂಟ್ ಯಾವುದೂ ಬೇಡ. ಕನ್ನಡಿ ಮುಂದೆ ನಿಂತು ಒಂದೊಂದೇ ಕಪ್ಪನ್ನು ಕೆಳಗಿನಿಂದ ಮೇಲಕ್ಕೆ ಕೂರಿಸಿ, ಕೆಲವು ಸೆಕೆಂಡು ಒತ್ತಿ ಹಿಡಿದು, ಕೊನೆಗೆ ಮುಂದಿನ ಕ್ಲಿಪ್ ಹಾಕಿ.

ಆಮೇಲೆ ಮನೆಯಲ್ಲೇ ಒಂದು ಪರೀಕ್ಷೆ. ಅಕ್ಷತೆ ಹಾಕುವಂತೆ ಕೈ ಎತ್ತಿ. ಹಿರಿಯರ ಕಾಲಿಗೆ ಬೀಳುವಂತೆ ಬಗ್ಗಿ. ಊಟದ ಪಂಕ್ತಿಯಲ್ಲಿ ಕೂತಂತೆ ಕೂತು ಏಳಿ. ಈ ಮೂರರಲ್ಲಿ ಎಲ್ಲಿ ಜಾರಿದರೂ ಅದು ನಿಮಗಲ್ಲ. ಈ ಪರೀಕ್ಷೆ ನಡೆಯಬೇಕಾದದ್ದು ಮದುವೆಯ ದಿನ ಬೆಳಿಗ್ಗೆ ಅಲ್ಲ, ವಾರದ ಮೊದಲು.

ಚರ್ಮದ ಮಾತು ಕೇಳಿ

ಬ್ಯಾಡಗಿಯಲ್ಲಿರುವ ನನ್ನ ಇನ್ನೊಬ್ಬ ಗೆಳತಿ ಅಣ್ಣನ ಮದುವೆಗೆ ಬೆಳಿಗ್ಗೆ ಆರಕ್ಕೆ ಅಂಟಿಸಿಕೊಂಡಿದ್ದನ್ನು ತೆಗೆದದ್ದು ರಾತ್ರಿ ಆರತಕ್ಷತೆ ಮುಗಿದ ಮೇಲೆ. ಮಧ್ಯಾಹ್ನವೇ ಉರಿ ಶುರುವಾಗಿತ್ತು. ನೆಂಟರ ನಡುವೆ ಹೇಳುವುದು ಹೇಗೆಂದು ಸುಮ್ಮನಿದ್ದಳು. ಕಿತ್ತ ಜಾಗದಲ್ಲಿ ಕೆಂಪು ಗುಳ್ಳೆ. ಚರ್ಮದ ವೈದ್ಯರ ಬಳಿ ಹೋಗಲೂ ಸಂಕೋಚಪಟ್ಟು ವಾರಗಟ್ಟಲೆ ನರಳಿದಳು.

ಅಂಟಿನಲ್ಲಿರುವ ಅಕ್ರಿಲೇಟ್‌ನಂಥ ರಾಸಾಯನಿಕ ಕೆಲವರಿಗೆ ಅಲರ್ಜಿ ತರುತ್ತದೆ. ಬ್ಯಾಂಡೇಜ್ ಪಟ್ಟಿ ಹಾಕಿದರೆ ತುರಿಕೆ ಬರುವವರು ಹೆಚ್ಚು ಎಚ್ಚರ ವಹಿಸಬೇಕು. ಮೊದಲ ಸಲ ಬಳಸುವ ಮುನ್ನ ತೋಳಿನ ಒಳಭಾಗದಲ್ಲಿ ಸಣ್ಣ ತುಂಡು ಟೇಪ್ ಅಂಟಿಸಿ ಒಂದು ದಿನ ನೋಡಿ. ಕಪ್ ಆದರೆ ಮನೆಯಲ್ಲಿ ಒಂದು ತಾಸು ಹಾಕಿ ತೆಗೆದು, ಮರುದಿನದವರೆಗೆ ಚರ್ಮ ಗಮನಿಸಿ. ಬೆವರುಸಾಲೆ, ಇಸುಬು, ಗಾಯ ಇದ್ದರೆ ಬೇಡ. ವ್ಯಾಕ್ಸಿಂಗ್ ಮಾಡಿಸಿದ ದಿನವೂ ಬೇಡ. ಹಾಲೂಡಿಸುವ ಅಕ್ಕಂದಿರು ದೂರವಿಡುವುದೇ ಒಳ್ಳೆಯದು. ಆರೆಂಟು ತಾಸಿಗಿಂತ ಹೆಚ್ಚು ಬೇಡ, ಹಾಕಿಕೊಂಡು ಮಲಗಲೇಬೇಡಿ. ಬೆಳಗಿನ ಮುಹೂರ್ತಕ್ಕೂ ರಾತ್ರಿಯ ಆರತಕ್ಷತೆಗೂ ಒಂದನ್ನೇ ಎಳೆಯುವ ಬದಲು ಒಂದು ಹೊತ್ತಿಗೆ ಮಾಮೂಲಿ ಬ್ಲೌಸ್ ತೊಡಿ.

ತೆಗೆಯುವಾಗ ಸರ್ರನೆ ಎಳೆಯಬೇಡಿ. ಅಂಚಿಗೆ ಕೊಬ್ಬರಿ ಎಣ್ಣೆ ಸವರಿ, ಐದು ನಿಮಿಷ ಬಿಟ್ಟು, ಚರ್ಮ ಒತ್ತಿ ಹಿಡಿದು ನಿಧಾನವಾಗಿ ಬಿಡಿಸಿ. ಬ್ಯಾಡಗಿ ಕಡೆಯವರಿಗೆ ಇನ್ನೊಂದು ಮಾತು: ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈಯಲ್ಲಿ ಇದನ್ನು ಮುಟ್ಟಬೇಡಿ. ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದರೂ ಆ ಖಾರ ಬೆರಳಿನಲ್ಲಿ ಉಳಿಯುತ್ತದೆ. ಬರೀ ನೀರಿಗೆ ಹೋಗುವುದಿಲ್ಲ, ಸೋಪು ಬೇಕು.

ಬಳಸಿದ ಕಪ್ಪನ್ನು ಮೆದು ಸೋಪು ಹಾಕಿ ಬೆರಳಿನಿಂದ ತೊಳೆದು, ಬಟ್ಟೆಯಿಂದ ಒರೆಸದೆ, ಅಂಟಿನ ಭಾಗ ಮೇಲೆ ಮಾಡಿ ನೆರಳಲ್ಲಿ ಒಣಗಿಸಿ, ಜೊತೆಗೆ ಬಂದ ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ಟೇಪ್ ಮಾತ್ರ ಒಂದೇ ಸಲಕ್ಕೆ. ಯಾವುದನ್ನೂ ಗೆಳತಿಯರ ನಡುವೆ ಹಂಚಿಕೊಳ್ಳಬೇಡಿ.

ಬೆನ್ನು ಇಳಿಸುವುದೋ ಮುಚ್ಚುವುದೋ ಅವರವರ ಇಷ್ಟ. ಅದರ ಬಗ್ಗೆ ತೀರ್ಪು ಕೊಡಲು ನಾನು ಯಾರು? ಆದರೆ ಉರಿ ಎದ್ದಾಗ ಪಕ್ಕದಲ್ಲಿರುವ ಅಕ್ಕನಿಗೋ ಅತ್ತಿಗೆಗೋ ಹೇಳಿ, ಕೋಣೆಗೆ ಹೋಗಿ ತೆಗೆದುಬಿಡಿ. ಬ್ಯಾಗಿನಲ್ಲಿ ಒಂದು ಮಾಮೂಲಿ ಬ್ರಾ, ಒಂದು ದುಪಟ್ಟಾ ಇರಲಿ. ಫೋಟೊ ಇನ್ನೊಂದು ತೆಗೆಸಬಹುದು.