ಗೌಂಡಿಯ ದಾರದಿಂದ ಗೋಡೆ ಸುರಿಯುವ ಯಂತ್ರದವರೆಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಾದರೂ ಸರಿ. ಓಣಿಯಲ್ಲಿ ಹೊಸ ಮನೆಯ ಪಾಯ ಹಾಕುವಾಗ ಸ್ವಲ್ಪ ಹೊತ್ತು ನಿಂತು ನೋಡಿ. ಗೌಂಡಿ ಗೂಟ ಬಡಿದು ದಾರ ಕಟ್ಟುತ್ತಾರೆ. ಒಂದು ದಾರದ ಮೇಲೆ ಮೂರು ಅಡಿಗೆ, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು ಹಾಕುತ್ತಾರೆ. ಎರಡು ಗುರುತುಗಳ ನಡುವೆ ಐದು ಅಡಿ ಬಂದರೆ ಮೂಲೆ ಕಾಟಕೋನಕ್ಕೆ ಬಂತೆಂದು ಲೆಕ್ಕ. ಇದೇ ಪೈಥಾಗೊರಸನ ಪ್ರಮೇಯ. ಹತ್ತನೆಯ ತರಗತಿಯ ಹುಡುಗ ಬಾಯಿಪಾಠ ಮಾಡುವುದನ್ನು ಅವನ ಮನೆ ಕಟ್ಟುವವರು ದಾರದಲ್ಲಿ ಮಾಡಿ ತೋರಿಸುತ್ತಿರುತ್ತಾರೆ.

ಇಂಥ ನಿಯಮಗಳನ್ನು ಕಂಪ್ಯೂಟರಿಗೆ ಹೇಳಿಕೊಟ್ಟು ಕಟ್ಟಡದ ಆಕಾರ ಕಂಡುಕೊಳ್ಳುವ ವಿದ್ಯೆ ಈಗ ವಾಸ್ತುಶಿಲ್ಪದ ಓದಿನಲ್ಲಿ ದೊಡ್ಡ ಜಾಗ ಪಡೆದಿದೆ. (ಬಾಗಿಲು ಯಾವ ದಿಕ್ಕಿಗಿರಬೇಕೆಂದು ಹೇಳುವ ‘ವಾಸ್ತು’ ಬೇರೆ, ಇದು ಬೇರೆ.) ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದು ಹಳೆಯ ಮಾತು. ಇಲ್ಲಿ ಗೆರೆ ಎಳೆಯುವುದಕ್ಕಿಂತ ಗೆರೆ ಹೇಗೆ ಹುಟ್ಟಬೇಕೆಂಬ ಸೂತ್ರ ಬರೆಯುವುದು ಮುಖ್ಯ. ಒಂದು ಅಳತೆ ಬದಲಿಸಿದರೆ ಉಳಿದವೆಲ್ಲ ತಾವಾಗಿಯೇ ಬದಲಾಗುತ್ತವೆ. ಆ ಆಕಾರವನ್ನು ಯಂತ್ರವೇ ನೇರವಾಗಿ ಕತ್ತರಿಸುವುದು ಅಥವಾ ಪದರ ಪದರವಾಗಿ ಸುರಿಯುವುದು ಮುಂದಿನ ಹೆಜ್ಜೆ.

ಇದನ್ನು ಅರಿಯಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಈ ನಾಲ್ಕೂ ಊರುಗಳಿಂದ ಬಸ್ಸು ಹತ್ತಿದರೆ ಒಂದೆರಡು ತಾಸಿನಲ್ಲಿ ವಿಜಯಪುರ. ಅಲ್ಲಿ ಗೋಳಗುಮ್ಮಟವಿದೆ.

ಮಹಮ್ಮದ್ ಆದಿಲ್ ಶಾಹನ ಈ ಗೋರಿಯ ಕಟ್ಟಡದ ಕೆಲಸ ನಿಂತದ್ದು 1656ರ ಸುಮಾರಿಗೆ, ಅವನು ತೀರಿಕೊಂಡ ವರ್ಷ. ಒಳಗಿನ ಸಭಾಂಗಣ ಸುಮಾರು 135 ಅಡಿಯ ಚೌಕ. ನಡುವೆ ಒಂದೂ ಕಂಬವಿಲ್ಲ. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂಡಿಸಬೇಕು, ಆದರೆ ನಾಲ್ಕು ಮೂಲೆಗಳಲ್ಲಿ ಅದಕ್ಕೆ ಆಧಾರವೇ ಇಲ್ಲ. ಕಟ್ಟಿದವರು ಕಂಡುಕೊಂಡ ಉಪಾಯವೆಂದರೆ ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳು. ಆ ಎಂಟು ಬದಿಗಳ ಗುಂಟ ಎಂಟು ಕಮಾನುಗಳು ಒಂದನ್ನೊಂದು ದಾಟಿಕೊಂಡು ಏಳುತ್ತವೆ.

ಇದನ್ನು ಮನೆಯಲ್ಲೇ ಬಿಡಿಸಿ ನೋಡಬಹುದು. 13.5 ಸೆಂಟಿಮೀಟರಿನ ಒಂದು ಚೌಕ ಎಳೆಯಿರಿ. ಪ್ರತಿ ಮೂಲೆಯಿಂದ ಎರಡೂ ಬದಿಗೆ ಹೆಚ್ಚು ಕಡಿಮೆ 4 ಸೆಂಟಿಮೀಟರಿಗೆ ಚುಕ್ಕೆ ಇಡಿ. ಒಟ್ಟು ಎಂಟು ಚುಕ್ಕೆಗಳಾಗುತ್ತವೆ. ಒಂದು ಬಿಟ್ಟು ಒಂದನ್ನು ಸೇರಿಸುತ್ತ ಹೋದರೆ ಎರಡು ಚೌಕಗಳು ಹೆಣೆದುಕೊಂಡ ನಕ್ಷತ್ರ ಬರುತ್ತದೆ. ಅದರ ಒಳಗೆ ಎಲ್ಲ ಗೆರೆಗಳನ್ನೂ ಮುಟ್ಟುವ ವೃತ್ತ ಎಳೆದರೆ ಅದರ ವ್ಯಾಸ ಸುಮಾರು 10.3 ಸೆಂಟಿಮೀಟರ್. ಅಂದರೆ 135 ಅಡಿಗೆ 103 ಅಡಿ. 19ನೆಯ ಶತಮಾನದಲ್ಲಿ ಜೇಮ್ಸ್ ಫರ್ಗ್ಯೂಸನ್ ಕೊಟ್ಟ ಅಳತೆಯಲ್ಲಿ ಈ ದುಂಡು ಬಾಯಿ 97 ಅಡಿ ಇದೆ. ಕಾಗದದ ಗೆರೆಗೆ ದಪ್ಪವಿಲ್ಲ, ಕಲ್ಲಿನ ಕಮಾನಿಗೆ ಇದೆಯಲ್ಲ! ಸಭಾಂಗಣ 100 ಅಡಿಯದಾಗಿದ್ದರೆ ಕಾಗದದ ವೃತ್ತ ಎಷ್ಟಾಗುತ್ತಿತ್ತು? 76 ಅಡಿಗಿಂತ ಸ್ವಲ್ಪ ಹೆಚ್ಚು. ಸೂತ್ರ ಅದೇ, ಸಂಖ್ಯೆ ಮಾತ್ರ ಬೇರೆ. ಕಂಪ್ಯೂಟರ್ ಮಾಡುವುದೂ ಇಷ್ಟನ್ನೇ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ.

ಸ್ವಾರಸ್ಯ ಇನ್ನೂ ಇದೆ. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಬಾಯಿ 97 ಅಡಿ, ಗುಮ್ಮಟ 124 ಅಡಿ ಎಂದರೆ ಸುತ್ತಲೂ ಹನ್ನೆರಡು ಅಡಿಗಿಂತ ಅಗಲವಾದ ಕಟ್ಟೆ ಉಳಿಯುತ್ತದೆ. ಶಾಲೆಯ ಪ್ರವಾಸದಲ್ಲಿ ಮಕ್ಕಳು ಕೂಗು ಹಾಕಿ ಪ್ರತಿಧ್ವನಿ ಕೇಳುವ ಜಾಗ ಅದೇ. ಗುಮ್ಮಟ ಹೊರಕ್ಕೆ ಒತ್ತುತ್ತದೆ, ಒಳಕ್ಕೆ ಚಾಚಿದ ಕಮಾನುಗಳ ಭಾರ ಒಳಕ್ಕೆ ಎಳೆಯುತ್ತದೆ. ಒಂದರ ಒತ್ತಡವನ್ನು ಇನ್ನೊಂದು ತಡೆದು ಹಿಡಿದಿದೆ.

ಯಂತ್ರದ ಕಡೆಗೆ ಬರೋಣ. ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರ ಆಗಸ್ಟ್ 18ರಂದು ಒಂದು ಅಂಚೆ ಕಚೇರಿ ಉದ್ಘಾಟನೆಯಾಯಿತು. ವಿಸ್ತಾರ 1,021 ಚದರ ಅಡಿ. ಎಲ್ ಆ್ಯಂಡ್ ಟಿ ಕಂಪನಿ ಮದ್ರಾಸ್ ಐಐಟಿಯ ತಾಂತ್ರಿಕ ಮಾರ್ಗದರ್ಶನದಲ್ಲಿ ಇದನ್ನು 43 ದಿನಗಳಲ್ಲಿ ಮುಗಿಸಿತು. ಗಣಕದ ಆಜ್ಞೆಯಂತೆ ಓಡಾಡುವ ಯಂತ್ರದ ಮೂತಿಯಿಂದ ಕಾಂಕ್ರೀಟು ಚಕ್ಕುಲಿ ಒತ್ತಿದ ಹಾಗೆ ಎಳೆಯಾಗಿ ಬಂದು ಪದರದ ಮೇಲೆ ಪದರ ಕೂತು ಗೋಡೆಯಾಯಿತು. ಮಿಶ್ರಣ ಬೇಗ ಗಟ್ಟಿಯಾದರೆ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ತಡವಾದರೆ ಕೆಳಗಿನ ಪದರ ಮೇಲಿನದರ ಭಾರಕ್ಕೆ ಜರಿಯುತ್ತದೆ. ಆ ಹದವೇ ಈ ವಿದ್ಯೆಯ ಗುಟ್ಟು.

‘ಹಾಗಾದರೆ ಗೌಂಡಿಗಳ ಗತಿ?’ ಕಟ್ಟಡದ ಕೆಲಸ ಹುಡುಕಿ ಗೋವಾ, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿರುವ ಜಿಲ್ಲೆಯಲ್ಲಿ ಇದು ಸುಮ್ಮನೆ ಬಂದ ಪ್ರಶ್ನೆಯಲ್ಲ. ಸಾಲು ಸಾಲಾಗಿ ಒಂದೇ ಬಗೆಯ ಗೋಡೆ ಏರಿಸುವ ಕೆಲಸ ಮುಂದೆ ಕಡಿಮೆಯಾಗಬಹುದು, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಇನ್ನೊಂದು ಉದಾಹರಣೆಯೂ ಇದೆ. 2016ರಲ್ಲಿ ಇಟಲಿಯ ವೆನಿಸ್ ವಾಸ್ತುಶಿಲ್ಪ ಪ್ರದರ್ಶನದಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರ ತಂಡ ಮತ್ತು ಅವರ ಜೊತೆಗಾರರು 399 ಸುಣ್ಣಕಲ್ಲಿನ ತುಂಡುಗಳ ಚಾವಣಿ ನಿಲ್ಲಿಸಿದರು. ಗಾರೆಯಿಲ್ಲ, ಕಬ್ಬಿಣದ ಸರಳೂ ಇಲ್ಲ. ಪ್ರತಿ ತುಂಡಿನ ಆಕಾರ ಲೆಕ್ಕ ಹಾಕಿದ್ದು ಕಂಪ್ಯೂಟರ್, ಕತ್ತರಿಸಿದ್ದು ಯಂತ್ರ. ಜಾಗಕ್ಕೆ ಸರಿಯಾಗಿ ಕೂಡಿಸಿದವರು ಮಾತ್ರ ಕಲ್ಲುಕುಟಿಗರು. ಅಂಥ ಕೈ ಬೇಕೇ ಬೇಕಾಯಿತು.

ಯಂತ್ರಕ್ಕೆ ಈ ಸೀಮೆಯ ಎರೆಮಣ್ಣು ಗೊತ್ತಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನಲ್ಲಿ ಪಾಯ ಎಷ್ಟು ಆಳ ಹೋಗಬೇಕು, ಕಲ್ಲುಗೋಡೆಯ ಮಣ್ಣಿನ ಮಾಳಿಗೆಯ ಕೆಳಗೆ ಮೇ ತಿಂಗಳಲ್ಲೂ ಮಧ್ಯಾಹ್ನ ಮಲಗಲು ಸಾಧ್ಯವಾಗುವುದೇಕೆ, ಅದೇ ಸ್ಲ್ಯಾಬಿನ ಕೆಳಗೆ ಮೈ ಬೇಯುವುದೇಕೆ, ಇವನ್ನೆಲ್ಲ ಅದಕ್ಕೆ ಯಾರಾದರೂ ಹೇಳಿಕೊಡಬೇಕು. ಸಿಂದಗಿಯ ಬಿಸಿಲು ಯಾವ ತಿಂಗಳು ಯಾವ ಗೋಡೆಗೆ ಎಷ್ಟು ಹೊತ್ತು ಬೀಳುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಕೊಡುತ್ತದೆ. ಆ ಲೆಕ್ಕ ಕೇಳಬೇಕೆಂದು ಹೊಳೆಯುವುದು ಆ ಬಿಸಿಲಿನಲ್ಲಿ ಬೆಳೆದವರಿಗೆ.

ಪಿಯುಸಿ ವಿಜ್ಞಾನ ಎಂದರೆ ಡಾಕ್ಟರ್, ಇಲ್ಲವೆ ಎಂಜಿನಿಯರ್ ಎಂದುಕೊಂಡ ಪಾಲಕರು ಗಮನಿಸಬೇಕಾದ್ದು: ವಾಸ್ತುಶಿಲ್ಪ ಪದವಿ ಐದು ವರ್ಷದ್ದು, ಎಂಜಿನಿಯರಿಂಗಿಗಿಂತ ಒಂದು ವರ್ಷ ಹೆಚ್ಚು. ಆ ವರ್ಷದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು, ‘ನಾಟಾ’ದಂಥ ಪ್ರವೇಶ ಪರೀಕ್ಷೆ ಬರೆಯಬೇಕು. ವಿಜಯಪುರದಲ್ಲೇ ಮಲಿಕ್ ಸಂದಲ್ ಕಲೆ ಮತ್ತು ವಾಸ್ತುಶಿಲ್ಪ ಸಂಸ್ಥೆ ಇದೆ. ಇಬ್ರಾಹಿಂ ರೋಜಾ ಕಟ್ಟಿಸಿದ ಮಲಿಕ್ ಸಂದಲನ ಹೆಸರೇ ಅದಕ್ಕಿದೆ.

ತಂತ್ರಾಂಶಕ್ಕೆ ಲಕ್ಷಗಟ್ಟಲೆ ಬೇಕೆಂಬ ಭಯವೂ ಬೇಡ. ವೃತ್ತಿಯಲ್ಲಿ ಹೆಸರಾದ ‘ಗ್ರಾಸ್‌ಹಾಪರ್’, ಅಂದರೆ ಮಿಡತೆ, ಕಾಸು ಕೊಟ್ಟು ಕೊಳ್ಳುವ ರೈನೊ ತಂತ್ರಾಂಶದ ಜೊತೆ ಬರುವಂಥದ್ದು. ಆದರೆ ಬ್ಲೆಂಡರ್, ಫ್ರೀಕ್ಯಾಡ್‌ಗಳಿಗೆ ಬಿಡಿಗಾಸೂ ಕೊಡಬೇಕಾಗಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಹಾಕಿಸಿಕೊಂಡು 135 ಅಡಿಯ ಆ ಚೌಕದಿಂದಲೇ ಶುರು ಮಾಡಬಹುದು.