ಒಂದೇ ಕೋಣೆಯ ಮನೆಯಲ್ಲಿ ಹಸುಗೂಸಿನ ನಿದ್ದೆ

ಊರಿನಲ್ಲಾದರೆ ಚೊಚ್ಚಲ ಹೆರಿಗೆ ತವರುಮನೆಯವರ ಹೊಣೆ. ಮಗಳು ತಾಯಿಯ ಮನೆಗೆ ಹೋಗಿ, ಮೂರು ತಿಂಗಳೋ ಐದು ತಿಂಗಳೋ ಬಾಣಂತನ ಮುಗಿಸಿ, ಕತ್ತು ನಿಂತ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬರುವುದು ಪದ್ಧತಿ. ಎಳೆಗೂಸಿನ ರಾತ್ರಿಗಳು ಹೇಗಿರುತ್ತವೆಂಬುದು ತಂದೆಯಾದವನಿಗೆ ತಿಳಿಯುತ್ತಲೇ ಇರಲಿಲ್ಲ. ಮುಂಬಯಿಯಲ್ಲಿ ದುಡಿಯುವ ನಮ್ಮ ಬಾಂಧವರಲ್ಲಿ ಎಲ್ಲರಿಗೂ ಆ ಅನುಕೂಲವಿಲ್ಲ. ಹೆರಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಆಗುತ್ತದೆ. ಕೆಲವೇ ದಿನಗಳಲ್ಲಿ ತಾಯಿ ಮಗು ಚಾಳಿನ ಒಂದೇ ಕೋಣೆಗೆ ಬರುತ್ತಾರೆ. ಅಡಿಗೆ ಅದೇ ಕೋಣೆಯಲ್ಲಿ, ಬೆಳಗಿನ ಲೋಕಲ್ ಹಿಡಿಯಬೇಕಾದವನ ನಿದ್ದೆಯೂ ಅದೇ ಕೋಣೆಯಲ್ಲಿ, ಗೋಡೆಯಾಚೆ ನೆರೆಯವರು. ರಾತ್ರಿ ಎರಡು ಗಂಟೆಗೆ ಕೂಸು ಅತ್ತರೆ ಎಲ್ಲರಿಗೂ ಎಚ್ಚರ. ಆಗ ಹುಟ್ಟುವ ಪ್ರಶ್ನೆ ಒಂದೇ: ಇದನ್ನು ಹೇಗಾದರೂ ಮಾಡಿ ಮಲಗಿಸಬಾರದೆ?

ಆ 'ಹೇಗಾದರೂ' ಎಂಬ ಮಾತಿನಲ್ಲಿಯೇ ಅಪಾಯವಿದೆ. ಮೊದಲ ಆರು ವಾರ ಕೂಸಿನ ನಿದ್ದೆಯನ್ನು ಬಲವಂತದಿಂದ ತರುವಂತಿಲ್ಲ. ಅದು ತಾನಾಗಿ ಬರುವ ದಾರಿಯನ್ನು ನಾವು ಹಸನು ಮಾಡಬಹುದು, ಅಷ್ಟೆ. ಇದನ್ನು ಅರಿತವರ ಮನೆಯಲ್ಲಿ ಅಳು ನಿಲ್ಲದಿದ್ದರೂ ಅಂಜಿಕೆ ನಿಲ್ಲುತ್ತದೆ. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ಬರೆಯುತ್ತಿದ್ದೇವೆ.

ಕೂಸಿಗೆ ಇನ್ನೂ ರಾತ್ರಿಯ ಅರಿವಿಲ್ಲ

ಹೊಸದಾಗಿ ಹುಟ್ಟಿದ ಕೂಸು ದಿನದ ೨೪ ಗಂಟೆಗಳಲ್ಲಿ ಸುಮಾರು ೧೪ರಿಂದ ೧೭ ಗಂಟೆ ಮಲಗುತ್ತದೆ. ಲೆಕ್ಕಕ್ಕೆ ಇದು ನಮ್ಮ ನಿದ್ದೆಯ ಎರಡರಷ್ಟು. ಆದರೂ ತಾಯಿಗೆ ನಿದ್ದೆಯಿಲ್ಲ. ಏಕೆಂದರೆ ಆ ನಿದ್ದೆಯೆಲ್ಲ ಎರಡು ಮೂರು ಗಂಟೆಗಳ ತುಂಡುತುಂಡಾಗಿ, ಹಗಲೂ ರಾತ್ರಿ ಸಮನಾಗಿ ಹಂಚಿಹೋಗಿರುತ್ತದೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಹೊಟ್ಟೆ. ಅದು ತೀರ ಚಿಕ್ಕದು. ತಾಯಿಯ ಹಾಲು ಬೇಗ ಅರಗುತ್ತದೆ. ದಿನಕ್ಕೆ ೮ರಿಂದ ೧೨ ಸಲ ಹಾಲು ಬೇಕು. ಎರಡನೆಯದು, ಹಗಲು ಇರುಳುಗಳನ್ನು ತಿಳಿಸುವ ಒಳಗಡಿಯಾರ ಅದರ ಮೆದುಳಿನಲ್ಲಿ ಇನ್ನೂ ನಡೆಯತೊಡಗಿಲ್ಲ. ಕತ್ತಲಾದಾಗ ನಮ್ಮ ಮೈಯಲ್ಲಿ ಮೆಲಟೋನಿನ್ ಎಂಬ ರಸ ಸ್ರವಿಸಿ ನಿದ್ದೆಯ ವೇಳೆಯನ್ನು ಸೂಚಿಸುತ್ತದೆ. ಕೂಸಿನಲ್ಲಿ ಇದು ಕ್ರಮಕ್ಕೆ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ.

ಚಿಕಾಗೊ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್ಮನ್ ಎಂಬ ವಿಜ್ಞಾನಿ ತಮ್ಮ ಸಹೋದ್ಯೋಗಿ ಎಂಗೆಲ್ಮನ್‌ರೊಡನೆ ೧೯ ಶಿಶುಗಳ ನಿದ್ದೆಯನ್ನು ಮೂರನೆಯ ವಾರದಿಂದ ಇಪ್ಪತ್ತಾರನೆಯ ವಾರದವರೆಗೆ ಗುರುತಿಸಿ ೧೯೫೩ರಲ್ಲಿ ಪ್ರಕಟಿಸಿದರು. ಅದರಿಂದ ಕಂಡುಬಂದುದು ಇದು: ವಾರಗಳು ಕಳೆದಂತೆ ಒಟ್ಟು ನಿದ್ದೆ ಹೆಚ್ಚೇನೂ ಬದಲಾಗುವುದಿಲ್ಲ, ಹಗಲಿನ ಪಾಲು ಮೆಲ್ಲನೆ ರಾತ್ರಿಯ ಕಡೆಗೆ ಸರಿಯುತ್ತದೆ. ಎಂದರೆ ಕೂಸು ಮಲಗಲು ಕಲಿಯಬೇಕಾಗಿಲ್ಲ, ರಾತ್ರಿಯನ್ನು ಕಲಿಯಬೇಕಾಗಿದೆ. 'ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಗೋಳು ಹುಯ್ಯುತ್ತದೆ' ಎಂದು ಕೂಸಿನ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಎರಡೂ ಒಂದೇ.

ನಿದ್ದೆಯಲ್ಲಿಯೂ ಸದ್ದು

ಎಳೆಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧ ಪಾಲು ಚಂಚಲ ನಿದ್ದೆ. ಆಗ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಹೊರಳುತ್ತದೆ. ಕೂಸು ಮುಖ ಸಿಂಡರಿಸುತ್ತದೆ, ನಗುತ್ತದೆ, ಮುಲುಗುತ್ತದೆ, ಕೈಕಾಲು ಒದರುತ್ತದೆ. ಉಸಿರಾಟವೂ ಒಂದೇ ಸಮನಿರುವುದಿಲ್ಲ. ಇದರ ಬಳಿಕ ಶಾಂತ ನಿದ್ದೆ ಬರುತ್ತದೆ. ಇವೆರಡೂ ಸೇರಿದ ಒಂದು ಸುತ್ತು ದೊಡ್ಡವರಲ್ಲಿ ಸುಮಾರು ೯೦ ನಿಮಿಷ. ಕೂಸಿನಲ್ಲಿ ಸುಮಾರು ೫೦ ನಿಮಿಷ. ಸುತ್ತು ತಿರುಗುವಾಗ ಕೂಸು ಅರೆ ಎಚ್ಚರವಾಗಿ ಕುಂಯ್‌ಗುಟ್ಟುವುದುಂಟು. ನೆರೆಯವರು ಏಳುತ್ತಾರೆಂಬ ಅಂಜಿಕೆಯಿಂದ ನಾವು ಕೂಡಲೇ ಎತ್ತಿಕೊಂಡರೆ, ತಾನಾಗಿ ಮರಳಿ ಮಲಗಲಿದ್ದ ಕೂಸನ್ನು ನಾವೇ ಎಬ್ಬಿಸಿದಂತಾಗುತ್ತದೆ. ಒಂದೆರಡು ನಿಮಿಷ ಸುಮ್ಮನೆ ನೋಡಬೇಕು. ಕಣ್ಣು ತೆರೆದು, ಬಾಯಿ ಚಪ್ಪರಿಸಿ, ಮುಷ್ಟಿಯನ್ನು ಬಾಯಿಗೆ ಒಯ್ದರೆ ಅದು ಹಸಿವು. ಆಗ ಅಳುವವರೆಗೆ ಕಾಯಬಾರದು.

ಹಗಲನ್ನು ಹಗಲಾಗಿ, ರಾತ್ರಿಯನ್ನು ರಾತ್ರಿಯಾಗಿ

ಒಂದೇ ಕೋಣೆಯಲ್ಲಿಯೂ ಇದು ಸಾಧ್ಯ. ಬೆಳಗಾದೊಡನೆ ಕಿಟಕಿ ತೆರೆದು ಬೆಳಕು ಬರಲಿ. ಹಗಲು ಕೂಸು ಮಲಗಿದೆಯೆಂದು ಪಾತ್ರೆಯ ಸದ್ದು, ಮಾತು, ರೇಡಿಯೊ ಎಲ್ಲ ನಿಲ್ಲಿಸಬೇಕಾಗಿಲ್ಲ. ಎದ್ದಾಗ ಮಾತನಾಡಿಸಿ, ಎತ್ತಿ ಆಡಿಸಿ. ಸಂಜೆ ಕಳೆದ ಮೇಲೆ ದೀಪ ಸಣ್ಣದಾಗಲಿ. ರಾತ್ರಿ ಹಾಲೂಡುವಾಗ ಸಣ್ಣ ದೀಪವೊಂದೇ ಸಾಕು; ಮಾತು ಬೇಡ, ಮೊಬೈಲಿನ ಬೆಳಕು ಬೇಡ; ಬಟ್ಟೆ ಹೊಲಸಾಗಿದ್ದರೆ ಮಾತ್ರ ಬದಲಿಸಿ ಮತ್ತೆ ಮಲಗಿಸಬೇಕು. ರಾತ್ರಿಯ ಎದೆಹಾಲಿನಲ್ಲಿ ಮೇಲೆ ಹೇಳಿದ ಮೆಲಟೋನಿನ್ ಸಹ ಇರುತ್ತದೆ. ಹೀಗೆ ತಾಯಿಯೇ ಕೂಸಿಗೆ ರಾತ್ರಿಯನ್ನು ಊಡುತ್ತಾಳೆಂದು ಹೇಳಬಹುದು.

ಈ ವಯಸ್ಸಿನ ಕೂಸು ಒಂದು ಗಂಟೆಗಿಂತ ಹೆಚ್ಚು ಹೊತ್ತು ಎಚ್ಚರವಿದ್ದರೆ ದಣಿಯುತ್ತದೆ. ದಣಿದ ಕೂಸಿಗೆ ನಿದ್ದೆ ಇನ್ನೂ ದೂರ. ಆಕಳಿಕೆ, ಶೂನ್ಯ ನೋಟ, ಮುಖ ತಿರುಗಿಸುವುದು—ಈ ಗುರುತುಗಳು ಕಂಡೊಡನೆ ಮಲಗಿಸತಕ್ಕದ್ದು. ಇನ್ನೊಂದು ಮಾತು: ಮೊದಲ ಎರಡು ವಾರ, ಹುಟ್ಟಿದಾಗಿನ ತೂಕ ಮರಳಿ ಬರುವವರೆಗೆ, ಕೂಸು ಮೂರು ನಾಲ್ಕು ಗಂಟೆಗೂ ಮೀರಿ ಮಲಗಿದರೆ ಎಬ್ಬಿಸಿ ಹಾಲು ಕುಡಿಸಬೇಕು. ಆರು ತಿಂಗಳವರೆಗೆ ನೀರು ಸಹ ಬೇಡ.

ನಮ್ಮ ಕಡೆಯ ಎಣ್ಣೆನೀರಿನ ಸ್ನಾನ ನಿದ್ದೆಗೆ ಒಳ್ಳೆಯ ಸಹಾಯ. ಮೆಲ್ಲನೆ ಎಣ್ಣೆ ಸವರಿ, ಬಿಸಿನೀರು ಹದವಾಗಿರುವಂತೆ ನೋಡಿ ಮೀಯಿಸಿದರೆ ಕೂಸು ಹಾಯಾಗಿ ಮಲಗುತ್ತದೆ. ಅದನ್ನು ಬೆಳಿಗ್ಗೆಯೇ ಮಾಡಬೇಕೆಂದಿಲ್ಲ, ಸಂಜೆಯೂ ಆಗಬಹುದು. ಕಿವಿ ಮೂಗುಗಳಿಗೆ ಎಣ್ಣೆ ಬಿಡುವುದು, ತಲೆ ಮೂಗು ತೀಡಿ ಒತ್ತುವುದು ಬೇಡ. ಸ್ನಾನದ ಬಳಿಕ ಹಾಕುವ ಲೋಬಾನದ ಹೊಗೆಯನ್ನಂತೂ ಬಿಡಬೇಕು. ಕಿಟಕಿ ಒಂದೇ ಇರುವ ಕೋಣೆಯಲ್ಲಿ ಆ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಾನಿ. ಸೊಳ್ಳೆಯ ಬತ್ತಿಯ ಹೊಗೆಗಿಂತ ಸಣ್ಣ ಸೊಳ್ಳೆಪರದೆ ಲೇಸು. ತಂದೆಯ ಬೀಡಿ ಸಿಗರೇಟಿಗೂ ಇದೇ ಮಾತು.

ಅಂಗಾತ ಮಲಗಿಸಬೇಕು

ಬೋರಲು ಮಲಗಿಸಿದರೆ ಗಾಳಿ ಹೊರಹೋಗಿ ಕೂಸು ಗಾಢವಾಗಿ ಮಲಗುತ್ತದೆಂದು ಕೆಲವರ ನಂಬಿಕೆ. ಗಾಢವಾಗಿ ಮಲಗುವುದು ನಿಜ. ಅಪಾಯವೂ ಅಲ್ಲಿಯೇ ಇದೆ. ಉಸಿರಿಗೆ ತಡೆಯಾದರೆ ಎಚ್ಚರಗೊಳ್ಳುವ ಶಕ್ತಿ ಕೂಸಿಗೆ ಆಗ ಕಡಿಮೆ. ಕೂಸುಗಳನ್ನು ಅಂಗಾತ ಮಲಗಿಸಬೇಕೆಂದು ಬ್ರಿಟನ್ನಿನಲ್ಲಿ ೧೯೯೧ರಲ್ಲಿ, ಅಮೆರಿಕದಲ್ಲಿ ೧೯೯೪ರಲ್ಲಿ ದೊಡ್ಡ ಪ್ರಚಾರ ನಡೆಯಿತು. ಮುಂದಿನ ವರ್ಷಗಳಲ್ಲಿ, ತೊಟ್ಟಿಲಲ್ಲಿ ಕಾರಣವಿಲ್ಲದೆ ಸಂಭವಿಸುತ್ತಿದ್ದ ಶಿಶುಮರಣ ಆ ದೇಶಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತು. ಇಷ್ಟು ಅಗ್ಗದ, ಇಷ್ಟು ದೊಡ್ಡ ಉಪಾಯ ವೈದ್ಯಶಾಸ್ತ್ರದಲ್ಲಿ ಅಪರೂಪ.

ತಾಯಿಯ ಪಕ್ಕದಲ್ಲಿ, ಆದರೆ ಬೇರೆಯಾಗಿ, ಸಮತಟ್ಟಾದ ಗಟ್ಟಿ ಹಾಸಿಗೆಯೊಂದು ಸಾಕು. ದಿಂಬು ಬೇಡ, ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬೂ ಬೇಡ. ದಪ್ಪ ಕೌದಿ, ಮೆತ್ತನೆಯ ಬೊಂಬೆ ಬೇಡ. ಬಟ್ಟೆಯಲ್ಲಿ ಸುತ್ತುವುದಾದರೆ ತೊಡೆ ಕಾಲುಗಳು ಸಡಿಲವಾಗಿ ಮಡಿಚುವಂತಿರಬೇಕು. ಮುಂಬಯಿಯ ಸೆಕೆಯಲ್ಲಿ ಟೊಪ್ಪಿಗೆ, ಕಾಲುಚೀಲ ಹಾಕಿ ಬೇಯಿಸಬಾರದು. ಕತ್ತಿನ ಹಿಂಬದಿ ಬೆವೆತಿದ್ದರೆ ಬಟ್ಟೆ ಹೆಚ್ಚಾಯಿತೆಂದೇ ತಿಳಿಯಬೇಕು. ಸೀರೆಯ ಜೋಳಿಗೆಯಲ್ಲಿ ಕೂಸು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಹಗಲಿನಲ್ಲಿ ಯಾರಾದರೂ ಕಣ್ಣಿಟ್ಟಿರುವಾಗ ತೂಗಿ, ಮಲಗಿದ ಬಳಿಕ ಸಮತಟ್ಟಾದ ಹಾಸಿಗೆಗೆ ಬದಲಿಸುವುದು ಕ್ಷೇಮ. ಕುಡಿದವನು, ನಿದ್ದೆಯ ಔಷಧಿ ತೆಗೆದುಕೊಂಡವನು, ಹೊಗೆ ಸೇದುವವನು ಕೂಸಿನೊಡನೆ ಒಂದೇ ಹಾಸಿಗೆಯಲ್ಲಿ ಮಲಗಲೇಬಾರದು.

ಕೊಂಡು ತಂದ ನಿದ್ದೆ

ಈ ನಗರದ ಕಾರ್ಮಿಕರ ಚರಿತ್ರೆಯಲ್ಲಿಯೇ ಒಂದು ಕಹಿ ಪಾಠವಿದೆ. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರ ಸ್ಥಿತಿಯನ್ನು ಡಾಕ್ಟರ್ ಬಾರ್ನ್ಸ್ ಎಂಬ ವೈದ್ಯೆ ಪರಿಶೀಲಿಸಿದರು. ಅವರ ವರದಿ ೧೯೨೨ರಲ್ಲಿ ಹೊರಬಂದಿತು. ಕೂಸುಗಳಿಗೆ ಅಫೀಮು ತಿನ್ನಿಸುವುದು ಆ ಚಾಳುಗಳಲ್ಲಿ ದಿನನಿತ್ಯದ ರೂಢಿಯಾಗಿತ್ತು. ಅಫೀಮು ಬೆರೆತ 'ಬಾಳಾಗೋಳಿ' ಗುಳಿಗೆಗಳು ಮಾರಾಟವಾಗುತ್ತಿದ್ದವು. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ. ಗಿರಣಿಯ ಭೋಂಗಾ ಕಾಯುತ್ತಿರಲಿಲ್ಲ, ಕೂಸನ್ನು ನೋಡಿಕೊಳ್ಳುವವರು ಇರಲಿಲ್ಲ. ಆದರೆ ಅಫೀಮು ಉಸಿರನ್ನು ಕುಂದಿಸುತ್ತದೆ, ಹಸಿವನ್ನು ಅಡಗಿಸುತ್ತದೆ. ಕೂಸು ಅಳದೆಯೇ ಸೊರಗುತ್ತದೆ.

ಬಾಳಾಗೋಳಿಯ ಕಾಲ ಕಳೆದಿದೆ. ಅದನ್ನು ತಂದ ಕಾರಣಗಳು ಪೂರ್ತಿ ಕಳೆದಿಲ್ಲ. ನಿದ್ದೆ ಬರಿಸುವ ನೆಗಡಿ-ಕೆಮ್ಮಿನ ಸಿರಪ್ಪು, ಬ್ರಾಂಡಿಯ ಹನಿ, ಕಲ್ಲಿನ ಮೇಲೆ ತೇಯ್ದ ಜಾಯಿಕಾಯಿ—ಇವೆಲ್ಲ ಅದೇ ದಾರಿಯವು. ಅಜ್ಜಿಯಂದಿರು ಜಾಯಿಕಾಯಿಯನ್ನು ಒಂದು ಸುತ್ತು ತೇಯ್ದು ನೆಕ್ಕಿಸುತ್ತಿದ್ದುದು ನಿಜ. ಆದರೆ ಅದು ಪ್ರಮಾಣ ಮೀರಿದರೆ ದೊಡ್ಡವರಿಗೂ ವಿಷ. ನಾಲ್ಕು ಕಿಲೋ ತೂಗದ ಕೂಸಿಗೆ ಪ್ರಮಾಣ ಮೀರಲು ಎಷ್ಟು ಬೇಕು? ಜೇನುತುಪ್ಪವನ್ನು ಒಂದು ವರ್ಷದವರೆಗೆ ಕೊಡಕೂಡದು. ಗ್ರೈಪ್ ವಾಟರ್ ಅಗತ್ಯವಿಲ್ಲ. ಹಾಲಾದ ಬಳಿಕ ಹೆಗಲಿಗೆ ಹಾಕಿಕೊಂಡು ಬೆನ್ನು ನೇವರಿಸಿ ತೇಗು ಬರಿಸಿದರೆ ಸಾಕು.

ಅಳುವಿಗೂ ಒಂದು ಏರಿಳಿತ

ಬ್ರೇಜಲ್ಟನ್ ಎಂಬ ಅಮೆರಿಕದ ಮಕ್ಕಳ ವೈದ್ಯರು ೮೦ ಆರೋಗ್ಯವಂತ ಶಿಶುಗಳ ಅಳುವಿನ ಲೆಕ್ಕವನ್ನು ತಾಯಂದಿರಿಂದ ಬರೆಸಿ ೧೯೬೨ರಲ್ಲಿ ಪ್ರಕಟಿಸಿದರು. ಅಳು ಎರಡನೆಯ ವಾರದಿಂದ ಏರುತ್ತ ಆರನೆಯ ವಾರಕ್ಕೆ ದಿನಕ್ಕೆ ಸುಮಾರು ಎರಡು ಮುಕ್ಕಾಲು ಗಂಟೆಯಷ್ಟಾಗಿ, ಆಮೇಲೆ ಇಳಿಯುತ್ತದೆಂದು ಅದರಿಂದ ತಿಳಿಯಿತು. ಹೆಚ್ಚಿನ ಅಳು ಸಂಜೆಯ ಹೊತ್ತಿನದು. ಗಂಡ ಕೆಲಸದಿಂದ ದಣಿದು ಬರುವ ಹೊತ್ತೂ ಅದೇ. ಹಾಲು ಕುಡಿದು, ಒಣಬಟ್ಟೆಯಲ್ಲಿದ್ದು, ಜ್ವರವಿಲ್ಲದ ಕೂಸು ಆಗ ಅತ್ತರೆ ಅದು ತಾಯಿಯ ತಪ್ಪಲ್ಲ, ಹಾಲು ಸಾಲದೆಂಬುದಕ್ಕೆ ಗುರುತೂ ಅಲ್ಲ. ಎದೆಗೆ ಒತ್ತಿ ನಡೆದಾಡುವುದು, ಮೆಲುದನಿಯಲ್ಲಿ ಒಂದೇ ರಾಗ ಗುನುಗುವುದು ಉಪಯೋಗಕ್ಕೆ ಬರುತ್ತದೆ. ತಾಳ್ಮೆ ತಪ್ಪಿತೆಂದು ಕಂಡರೆ ಕೂಸನ್ನು ಅಂಗಾತ ಮಲಗಿಸಿ, ಐದು ನಿಮಿಷ ಚಾಳಿನ ಗ್ಯಾಲರಿಯಲ್ಲಿ ನಿಂತು ಬನ್ನಿ. ಎಂಥ ಸಿಟ್ಟಿನಲ್ಲಿಯೂ ಕೂಸನ್ನು ಅಲುಗಾಡಿಸಬಾರದು. ಮೆದುಳಿನಲ್ಲಿ ರಕ್ತ ಒಸರಿ ಪ್ರಾಣಕ್ಕೆ ಅಪಾಯವಾಗುತ್ತದೆ.

ಎಚ್ಚರವನ್ನು ಹಂಚಿಕೊಳ್ಳುವುದು

ಕೂಸಿನ ನಿದ್ದೆಯನ್ನು ಹೆಚ್ಚಿಸಲಾರೆವು. ಮನೆಯವರ ಎಚ್ಚರವನ್ನು ಹಂಚಿಕೊಳ್ಳಬಲ್ಲೆವು. ಹಾಲೂಡುವುದೊಂದು ಬಿಟ್ಟು ಉಳಿದ ಕೆಲಸವೆಲ್ಲ ಗಂಡಸಿಗೆ ಬರುತ್ತದೆ: ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಸಂಜೆ ಎತ್ತಿಕೊಂಡು ಅಡ್ಡಾಡುವುದು. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಗಂಡ ಕೂಸನ್ನು ನೋಡಿಕೊಂಡರೆ, ನಡುವೆ ಒಂದು ಸಲ ಹಾಲಿಗೆ ಎದ್ದರೂ ತಾಯಿಗೆ ಎರಡು ಮೂರು ಗಂಟೆಯ ನಿದ್ದೆ ದೊರೆಯುತ್ತದೆ. ಅಷ್ಟರಿಂದಲೇ ಮರುದಿನ ಬೇರೆಯಾಗುತ್ತದೆ. ಕೇಂದ್ರ ಸರಕಾರದ ನೌಕರರಿಗೆ ೧೫ ದಿನಗಳ ಪಿತೃತ್ವ ರಜೆಯುಂಟು. ಅರ್ಹರಾದವರು ಸಂಕೋಚಪಡದೆ ಪಡೆಯತಕ್ಕದ್ದು. ಹೋಟೆಲು ಅಂಗಡಿಗಳಲ್ಲಿ ದುಡಿಯುವವರಿಗೆ ಆ ಸೌಲಭ್ಯವಿಲ್ಲವಾದುದರಿಂದ, ನೆರೆಯ ಕನ್ನಡ ಮನೆಗಳ ಹೆಂಗಸರು ಹಗಲು ಒಂದು ಗಂಟೆ ಕೂಸನ್ನು ನೋಡಿಕೊಂಡರೆ ಅದೇ ತವರು.

ಬಾಣಂತಿ ಎರಡು ವಾರಕ್ಕೂ ಮೀರಿ ಅಳುತ್ತಿದ್ದರೆ, ಕೂಸು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ, 'ನಾನೇಕೆ ಬದುಕಿರಬೇಕು' ಎಂಬಂಥ ಮಾತನಾಡಿದರೆ, ಅದು ಸೊಕ್ಕೂ ಅಲ್ಲ, ಗಾಳಿಯೂ ಅಲ್ಲ; ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಭಾಷೆಯನ್ನು ಆರಿಸಿಕೊಳ್ಳಲು ಅವಕಾಶವಿದೆ.

ನಿದ್ದೆಯಲ್ಲದ ನಿದ್ದೆ

ಹಾಲಿಗೂ ಏಳದೆ ಜೋತುಬಿದ್ದಿರುವ ಕೂಸು 'ಒಳ್ಳೆಯ ಕೂಸು' ಅಲ್ಲ. ಹಾಲು ಕುಡಿಯದಿರುವುದು, ಕಂಕುಳಲ್ಲಿ ೩೭.೫ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ಮೈ ತಣ್ಣಗಾಗುವುದು, ನಿಮಿಷಕ್ಕೆ ೬೦ ಅಥವಾ ಹೆಚ್ಚು ಸಲ ಉಸಿರಾಡುವುದು, ಎದೆಯ ಕೆಳಭಾಗ ಒಳಗೆ ಸೆಳೆಯುವುದು, ಅಂಗೈ ಅಂಗಾಲು ಹಳದಿಯಾಗುವುದು, ಸೆಳವು—ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ೨೦೧೧ರ ಜೂನ್ ೧ರಂದು ಆರಂಭವಾದ ಜನನೀ-ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಕೂಸಿನ ಚಿಕಿತ್ಸೆ, ಔಷಧಿ, ಪರೀಕ್ಷೆಗಳು ಉಚಿತ.

ಆರನೆಯ ವಾರ ದಾಟಿದ ಮೇಲೆ ಒಂದು ರಾತ್ರಿ ಕೂಸು ನಾಲ್ಕೈದು ಗಂಟೆ ಒಂದೇ ಸಮನೆ ಮಲಗುತ್ತದೆ. ಕೆಲವು ಕೂಸುಗಳಿಗೆ ಇನ್ನೂ ಕೆಲವು ವಾರ ಹೆಚ್ಚು ಬೇಕು. ಅಲ್ಲಿಯವರೆಗೆ ಬೇಕಾದುದು ತಾಳ್ಮೆ, ಕತ್ತಲು, ಎದೆಹಾಲು ಮತ್ತು ಇನ್ನೊಂದು ಜತೆ ಕೈ. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗಂಡಸರೇ ಹೆಚ್ಚು. ಇದನ್ನು ಓದಿದವರು ಮನೆಯಲ್ಲಿಯೂ, ಓದು ಬಾರದ ನೆರೆಯವರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ.